ಗಟ್ಟಿಗಿತ್ತಿಯರಿಗೂ ನಾಲ್ಕು ಪುಟ ಕೊಡಿ: ವಿಶೇಷಾಂಕಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಕನ್ನಡದ ವಿಶೇಷಾಂಕಗಳ ಸಂಪಾದಕರಿಗೆ, ಕಥಾಸ್ಪರ್ಧೆಗಳ ತೀರ್ಪುಗಾರರಿಗೆ,

ನಮಸ್ಕಾರ.

ದೀಪಾವಳಿ ಸಂಚಿಕೆಗೆ ಕಥೆ ಕಳಿಸಿ ಎನ್ನುವ ಪ್ರಕಟಣೆಗಳು ಇನ್ನೇನು ಶುರುವಾಗುತ್ತವೆ. ಪದಮಿತಿ ಇಷ್ಟು, ನುಡಿ ಅಥವಾ ಯೂನಿಕೋಡ್‌ನಲ್ಲಿ ಇರಲಿ, ಸ್ವಂತ ಕಥೆ ಎಂದು ಬರೆದುಕೊಡಿ ಎಂದೆಲ್ಲ ಹೇಳುತ್ತೀರಿ. ಅದಕ್ಕೆ ಮುಂಚೆ ನಿಮ್ಮನ್ನು ಒಂದು ಮಾತು ಕೇಳಬೇಕು. ಈ ಸಲ ನಿಮ್ಮ ಪುಟಗಳಲ್ಲಿ ಗಟ್ಟಿಗಿತ್ತಿಯರಿಗೆ ಜಾಗ ಮಾಡಿಕೊಡಿ. ಬರೀ ಸಂಸಾರದ ಕಥೆಯಲ್ಲಿ ಅಲ್ಲ. ಪತ್ತೇದಾರಿ ಕಥೆಯಲ್ಲಿ, ವಿಜ್ಞಾನದ ಕಥೆಯಲ್ಲಿ, ದೆವ್ವದ ಕಥೆಯಲ್ಲಿ, ಕತ್ತಿ ಗುರಾಣಿಯ ಕಥೆಯಲ್ಲೂ ಕೊಡಿ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಈಗ ನಮ್ಮೂರಿನ ಲೈಬ್ರರಿಯಲ್ಲಿ ಭಾನುವಾರ ಹುಡುಗಿಯರನ್ನು ಕೂರಿಸಿಕೊಂಡು ಕಥೆ ಓದಿಸುತ್ತೇನೆ. ವಿಶೇಷಾಂಕಗಳನ್ನು ಕಾಲೇಜಿನ ದಿನಗಳಿಂದ ಓದುತ್ತಾ ಬಂದಿದ್ದೇನೆ. ಎಷ್ಟೋ ಒಳ್ಳೆಯ ಕಥೆಗಳು ನನಗೆ ಸಿಕ್ಕಿದ್ದೇ ಅವುಗಳಲ್ಲಿ. ಆದರೂ ಹೇಳಬೇಕಾದ್ದನ್ನು ಹೇಳುತ್ತೇನೆ. ಅಲ್ಲಿನ ಕಥೆಗಳಲ್ಲಿ ಹೆಂಗಸು ಹೆಚ್ಚಾಗಿ ಸಹಿಸುವವಳು. ಗಂಡ ಕುಡಿದು ಬರುತ್ತಾನೆ, ಸಹಿಸುತ್ತಾಳೆ. ಅತ್ತೆ ಚುಚ್ಚುತ್ತಾಳೆ, ಸಹಿಸುತ್ತಾಳೆ. ಅಮೆರಿಕದಲ್ಲಿರುವ ಮಗ ಫೋನ್ ಮಾಡುವುದಿಲ್ಲ, ಅದನ್ನೂ ಸಹಿಸುತ್ತಾಳೆ. ಕೊನೆಯ ಪ್ಯಾರಾದಲ್ಲಿ ಕಿಟಕಿಯ ಆಚೆ ನೋಡುತ್ತಾ ನಿಲ್ಲುತ್ತಾಳೆ. ಕಥೆಯ ಪಕ್ಕ ಹಾಕುವ ಚಿತ್ರವನ್ನಾದರೂ ಒಮ್ಮೆ ಗಮನಿಸಿ. ತಗ್ಗಿಸಿದ ತಲೆ, ಹೆಗಲ ಮೇಲಿಂದ ಮುಂದೆ ಬಿದ್ದ ಜಡೆ, ಮೊಣಕಾಲಿನ ಮೇಲೆ ಕೈ. ಮುಖ ಪೂರ್ತಿ ಕಾಣುವುದೇ ಅಪರೂಪ.

ನೋವಿನ ಕಥೆ ಬೇಡ ಎಂದು ನಾನು ಹೇಳುತ್ತಿಲ್ಲ. ಆನಂದರ 'ನಾನು ಕೊಂದ ಹುಡುಗಿ' ಇಲ್ಲದ ಕನ್ನಡ ಸಣ್ಣಕಥೆಯನ್ನು ನನಗೆ ಊಹಿಸಲೂ ಆಗದು. ದೇವರ ಹೆಸರಿನಲ್ಲಿ ಬಸವಿ ಬಿಟ್ಟ ಹುಡುಗಿಯೊಬ್ಬಳು ಜೀವ ಕಳೆದುಕೊಳ್ಳುವ ಆ ಕಥೆಯನ್ನು ಓದಿಸಿದಾಗ ನಮ್ಮ ಹುಡುಗಿಯರು ಸುಮ್ಮನೆ ಕೂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಒಬ್ಬಳು ಕೇಳಿದಳು: "ಮಿಸ್, ಕಥೆ ತುಂಬ ಚೆನ್ನಾಗಿದೆ. ಆದ್ರೆ ಬದುಕಿ ಉಳಿಯೋರ ಕಥೆ ಇಲ್ವಾ?"

ಇದೆ ಎಂದು ಹೇಳಿ ಹುಡುಕಲು ಹೊರಟೆ. ಈ ಪತ್ರ ಹುಟ್ಟಿದ್ದು ಆ ಹುಡುಕಾಟದಿಂದ.

ನಮ್ಮ ಮನೆಯಲ್ಲೇ ಇರುವವರಿಂದ ಶುರು ಮಾಡುತ್ತೇನೆ. ಕೊಡಗಿನ ಗೌರಮ್ಮ ಹುಟ್ಟಿದ್ದು 1912ರಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡಿದ್ದು 1939ರಲ್ಲಿ. ಇಪ್ಪತ್ತೇಳರ ವಯಸ್ಸು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತವರು, ಬಂದ ಮೇಲೆ ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟವರು. ಅವರು ಹೋದಾಗ ಬೇಂದ್ರೆ 'ತಂಗಿ ಗೌರಮ್ಮ' ಎಂದು ಕವಿತೆ ಬರೆದರು. ಅವರ 'ವಾಣಿಯ ಸಮಸ್ಯೆ'ಯಲ್ಲಿ ಬರುವ ಇಂದು ಎಂಬವಳು ಗಂಡನನ್ನು ಕಳೆದುಕೊಂಡವಳು. ಆದರೆ ಅವಳಿಗೂ ಮನಸ್ಸಿದೆ, ಆಸೆ ಇದೆ ಎನ್ನುವುದನ್ನು ಗೌರಮ್ಮ ಮುಚ್ಚಿಡುವುದಿಲ್ಲ. ವಿಧವೆಯನ್ನು ಕನಿಕರದ ಗೊಂಬೆ ಮಾಡುವುದು ಸುಲಭವಾಗಿದ್ದ ಕಾಲ ಅದು. ಗೌರಮ್ಮ ಆ ಸುಲಭದ ದಾರಿ ಹಿಡಿಯಲಿಲ್ಲ.

ವೈದೇಹಿಯವರ ಅಕ್ಕುವನ್ನು ತೆಗೆದುಕೊಳ್ಳಿ. ಮನೆಯವರ ಲೆಕ್ಕದಲ್ಲಿ ಅವಳು ತಲೆ ಕೆಟ್ಟವಳು. ಗಂಡ ಬಿಟ್ಟು ಹೋಗಿದ್ದಾನೆ. ಆದರೆ ಆ ಮನೆಯ ಮರ್ಯಾದಸ್ಥರು ಮುಚ್ಚಿಟ್ಟುಕೊಂಡದ್ದು ಹೊರಗೆ ಬರುವುದು ಅವಳ ಬಾಯಿಂದಲೇ. ವರ್ಷಗಳಾದ ಮೇಲೆ ಗಂಡ ತಿರುಗಿ ಬಂದರೆ ಅವನನ್ನು ಒಪ್ಪಿಕೊಳ್ಳಲು ಅಕ್ಕು ತಯಾರಿಲ್ಲ. ಇಡೀ ಮನೆ ಕಾಯುತ್ತಿದ್ದ ಗಳಿಗೆ ಅದು. ಅವಳು ಮಾತ್ರ ಅವನನ್ನು ಲೆಕ್ಕಕ್ಕೇ ಇಡುವುದಿಲ್ಲ.

ಇನ್ನು ಬಾನು ಮುಷ್ತಾಕ್. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ 12 ಕಥೆಗಳ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಸಣ್ಣಕಥೆಗಳ ಪುಸ್ತಕವೊಂದಕ್ಕೆ ಆ ಬಹುಮಾನ ಸಿಕ್ಕಿದ್ದು ಅದೇ ಮೊದಲು. ಆವತ್ತು ನಾವೆಲ್ಲ ಕುಣಿದೆವು, ಕುಣಿಯಬೇಕಾದ್ದೇ. ಆದರೆ ಆ ಸಂಕಲನದಲ್ಲಿರುವ 'ಕರಿ ನಾಗರಗಳು' ಕಥೆಯ ಕೊನೆಯನ್ನು ಮತ್ತೊಮ್ಮೆ ಓದಿ. ಗಂಡ ಬಿಟ್ಟ ಆಶ್ರಫ್ ಕಾಯಿಲೆಯ ಕೂಸನ್ನು ಇಟ್ಟುಕೊಂಡು ನ್ಯಾಯ ಕೇಳಿ ಮಸೀದಿಯ ಮುಂದೆ ಕೂರುತ್ತಾಳೆ. ಮಸೀದಿಯ ಆಡಳಿತ ನೋಡುವ ಮುತವಲ್ಲಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೂಸು ಸಾಯುತ್ತದೆ. ಆಮೇಲೆ ಮುತವಲ್ಲಿ ಬೀದಿಯಲ್ಲಿ ನಡೆದು ಹೋಗುವಾಗ ಓಣಿಯ ಹೆಂಗಸರು ಅವನನ್ನು ಶಪಿಸುತ್ತಾರೆ. ಅಷ್ಟೇ ಆಗಿದ್ದರೆ ಅದು ನಾವು ಕಂಡ ಕಥೆಯೇ. ಆದರೆ ಹೆರುತ್ತಲೇ ಬಂದ ಅವನ ಸ್ವಂತ ಹೆಂಡತಿ ಆಮಿನಾ ಆಪರೇಶನ್ ಮಾಡಿಸಿಕೊಳ್ಳಲು ಹೊರಟು ನಿಲ್ಲುತ್ತಾಳೆ. ಅಲ್ಲಿಯವರೆಗೆ ಹಿಂದೆಲ್ಲೋ ಇದ್ದ ಹೆಂಗಸು ಅವಳು. ಇಡೀ ಕಥೆ ಒಂದೇ ಏಟಿಗೆ ಅವಳ ಕಡೆ ತಿರುಗುತ್ತದೆ.

ನನಗೆ ಗಟ್ಟಿಗಿತ್ತಿ ಎಂದರೆ ಇಂಥವಳು. ಬೈಯಲೇಬೇಕು, ಹೊಡೆಯಲೇಬೇಕು ಅಂತೇನಿಲ್ಲ. ಕಥೆ ಎತ್ತ ಹೋಗಬೇಕೆಂಬ ತೀರ್ಮಾನ ಅವಳ ಕೈಯಲ್ಲಿರಬೇಕು, ಅಷ್ಟು ಸಾಕು.

ನಮ್ಮಲ್ಲಿ ಇಂಥವರು ಇದ್ದಾರೆ ಅಂತಾಯಿತು. ನನ್ನ ತಕರಾರು ಇರುವುದು ಇಲ್ಲಿ: ಇವರೆಲ್ಲ ಸಿಗುವುದು ಮನೆ, ಮದುವೆ, ಜಾತಿ, ಧರ್ಮದ ಕಥೆಗಳಲ್ಲಿ. ಹೊಸಿಲು ದಾಟಿ ಬೇರೆ ಬಗೆಯ ಕಥೆಗೆ ಹೋದರೆ ಹೆಂಗಸು ಏನಾಗಿರುತ್ತಾಳೆ? ಪತ್ತೇದಾರಿ ಕಥೆಯಲ್ಲಿ ಮೊದಲ ಪುಟದ ಹೆಣ. ವಿಜ್ಞಾನದ ಕಥೆಯಲ್ಲಿ ವಿಜ್ಞಾನಿಯ ಮಗಳು, ಅಥವಾ ಕಾಫಿ ತಂದುಕೊಡುವ ಹೆಂಡತಿ. ದೆವ್ವದ ಕಥೆಯಲ್ಲಿ ಬಿಳಿ ಸೀರೆಯ ಮೋಹಿನಿ. ಪತ್ತೇದಾರ ಎಂದ ಕೂಡಲೇ ನಮ್ಮ ತಲೆಮಾರಿಗೆ ನೆನಪಾಗುವುದು ಎನ್. ನರಸಿಂಹಯ್ಯನವರ ಪುರುಷೋತ್ತಮ. ಆ ಕಾದಂಬರಿಗಳಿಂದ ಓದುವ ಚಟ ಹತ್ತಿಸಿಕೊಂಡವರು ಕನ್ನಡದಲ್ಲಿ ಲೆಕ್ಕವಿಲ್ಲದಷ್ಟು ಜನ, ನನ್ನ ಅಪ್ಪನೂ ಅವರಲ್ಲೊಬ್ಬರು. ಅಷ್ಟೇ ಗಟ್ಟಿಯಾಗಿ ನೆನಪಿನಲ್ಲಿ ನಿಂತ ಪತ್ತೇದಾರಿಣಿಯ ಹೆಸರು ಹೇಳಿ ಎಂದರೆ ನಾವು ತಡವರಿಸುತ್ತೇವೆ.

ಹಾಗೆ ನೋಡಿದರೆ ಪತ್ತೇದಾರಿಕೆಗೆ ಹೆಂಗಸರಷ್ಟು ಹೊಂದುವವರು ಇನ್ಯಾರಿದ್ದಾರೆ? ಇದನ್ನು ಒಂದು ಕಥೆಯ ಮೂಲಕವೇ ಹೇಳುತ್ತೇನೆ. ಅಮೆರಿಕದ ಐಯೋವಾದಲ್ಲಿ 1900ರ ಡಿಸೆಂಬರಿನಲ್ಲಿ ರೈತನೊಬ್ಬನ ಕೊಲೆಯಾಯಿತು. ಹೆಂಡತಿಯ ಮೇಲೆ ಆಪಾದನೆ ಬಂತು. ಆ ಸುದ್ದಿಯನ್ನು ಪತ್ರಿಕೆಗೆ ಬರೆದ ತರುಣಿ ಸೂಸನ್ ಗ್ಲಾಸ್ಪೆಲ್. ಅದು ಅವಳನ್ನು ಬಿಡಲಿಲ್ಲ. ವರ್ಷಗಳಾದ ಮೇಲೆ ಮೊದಲು ನಾಟಕ ಬರೆದಳು, 1917ರಲ್ಲಿ ಅದನ್ನೇ ಸಣ್ಣಕಥೆ ಮಾಡಿದಳು.

ಕಥೆಯಲ್ಲಿ ಗಂಡನನ್ನು ಹಗ್ಗ ಬಿಗಿದು ಕೊಂದಿದ್ದಾರೆ. ಹೆಂಡತಿ ಜೈಲಿನಲ್ಲಿದ್ದಾಳೆ. ಶೆರಿಫ್, ಸರ್ಕಾರಿ ವಕೀಲ, ಪಕ್ಕದ ಹೊಲದವನು, ಮೂವರೂ ಸಾಕ್ಷಿ ಹುಡುಕಲು ಆ ಮನೆಗೆ ಬರುತ್ತಾರೆ. ಜೊತೆಗೆ ಶೆರಿಫನ ಹೆಂಡತಿ, ಪಕ್ಕದ ಹೊಲದವನ ಹೆಂಡತಿ. ಜೈಲಿನಲ್ಲಿರುವವಳಿಗೆ ನಾಲ್ಕು ಬಟ್ಟೆ ತೆಗೆದುಕೊಂಡು ಹೋಗಲು ಬಂದವರು ಇವರು. ಗಂಡಸರು ಅಡುಗೆಮನೆಯತ್ತ ಒಮ್ಮೆ ಕಣ್ಣಾಡಿಸಿ, ಇಲ್ಲೇನೂ ಇಲ್ಲ ಎಂದು ಮಹಡಿಗೆ, ಕೊಟ್ಟಿಗೆಗೆ ಹೋಗುತ್ತಾರೆ. ಹೆಂಗಸರು ಅಡುಗೆಮನೆಯಲ್ಲಿ ಉಳಿಯುತ್ತಾರೆ.

ಅಲ್ಲಿ ಮೇಜು ಅರ್ಧ ಮಾತ್ರ ಒರೆಸಿದೆ. ಸಕ್ಕರೆಯ ಡಬ್ಬದ ಮುಚ್ಚಳ ತೆಗೆದು ಇಟ್ಟಿದೆ, ತುಂಬಿಸುವ ಕೆಲಸ ನಡುವೆ ನಿಂತಿದೆ. ಕೆಲಸವನ್ನು ಹಾಗೆ ಅರ್ಧಕ್ಕೆ ಬಿಟ್ಟು ಏಳುವುದು ಎಂಥ ಹೊತ್ತಿನಲ್ಲಿ ಎಂದು ಈ ಇಬ್ಬರಿಗೂ ಗೊತ್ತು. ಆಮೇಲೆ ಹೊಲಿಯುತ್ತಿದ್ದ ಕೌದಿ ಕಣ್ಣಿಗೆ ಬೀಳುತ್ತದೆ. ತುಂಡು ತುಂಡು ಬಟ್ಟೆ ಕೂಡಿಸಿ, ಒಂದೇ ಸಮನಾಗಿ ಹಾಕಿದ ಹೊಲಿಗೆ. ಒಂದು ತುಂಡಿನಲ್ಲಿ ಮಾತ್ರ ಹೊಲಿಗೆ ಅಡ್ಡಾದಿಡ್ಡಿ ಹೋಗಿದೆ. ಕೈ ನಡುಗಿದವರ ಹೊಲಿಗೆ. ಪಕ್ಕದ ಹೊಲದ ಹೆಂಗಸು ಏನೂ ಮಾತಾಡದೆ ಆ ದಾರ ಬಿಚ್ಚಿ ಸರಿಯಾಗಿ ಹೊಲಿಯಲು ತೊಡಗುತ್ತಾಳೆ. ಸಾಕ್ಷಿ ಅಳಿಸುವ ಕೆಲಸ ಅಲ್ಲಿಂದಲೇ ಶುರುವಾಯಿತು. ಆಮೇಲೆ ಬಾಗಿಲು ಮುರಿದ ಹಕ್ಕಿ ಪಂಜರ ಸಿಗುತ್ತದೆ. ಕೊನೆಗೆ ಚಂದದ ಪೆಟ್ಟಿಗೆಯೊಂದರಲ್ಲಿ ರೇಷ್ಮೆ ಬಟ್ಟೆ ಸುತ್ತಿಟ್ಟ ಹಕ್ಕಿ. ಅದರ ಕತ್ತು ಹಿಸುಕಿದೆ.

ಹಿಸುಕಿದವನು ಗಂಡನೇ ಎಂದು ಇಬ್ಬರಿಗೂ ಹೊಳೆಯುತ್ತದೆ. ಗಂಡಸರು ಹುಡುಕುತ್ತಿದ್ದ ಕೊಲೆಯ ಕಾರಣ ಹೆಂಗಸರಿಗೆ ಸಿಕ್ಕಿಯೇಬಿಟ್ಟಿತು. ಮೇಲಿಂದ ಇಳಿದು ಬರುವ ಸದ್ದು ಕೇಳುತ್ತದೆ. ಶೆರಿಫನ ಹೆಂಡತಿ ಪೆಟ್ಟಿಗೆಯನ್ನು ಚೀಲಕ್ಕೆ ತುರುಕಲು ನೋಡುತ್ತಾಳೆ, ಹಿಡಿಸುವುದಿಲ್ಲ. ಇನ್ನೊಬ್ಬಳು ಕಸಿದುಕೊಂಡು ತನ್ನ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಾಳೆ. ಇಬ್ಬರೂ ಒಂದು ಮಾತು ಆಡುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಮಾಡಿದ್ದು ಅಪರಾಧ. ಆದರೆ ಆ ಮನೆಯಲ್ಲಿ ವರ್ಷಗಟ್ಟಲೆ ನಡೆದದ್ದನ್ನು ನೋಡಿ ತೀರ್ಪು ಕೊಟ್ಟವರು ಅವರಿಬ್ಬರೇ. ಇದನ್ನು ಓದಿಸಿದ ಭಾನುವಾರ ನಮ್ಮ ಲೈಬ್ರರಿಯಲ್ಲಿ ಜಗಳವೇ ಆಯಿತು. ಮುಚ್ಚಿಟ್ಟಿದ್ದು ಸರಿ, ತಪ್ಪು ಎಂದು ಎರಡು ಪಾಳೆಯ. ಬಾಗಿಲು ಹಾಕುವ ಹೊತ್ತಾದರೂ ಹುಡುಗಿಯರು ಏಳಲಿಲ್ಲ. ಹೀಗೆ ಜಗಳ ಹಚ್ಚುವ ಕಥೆಗಳು ನನಗೆ ಬೇಕು.

ಇಂಗ್ಲಿಷಿನ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಎಲ್ಲರಿಗೂ ಗೊತ್ತು. ಅವಳು ಮೊದಲು ಕಾಣಿಸಿಕೊಂಡಿದ್ದು ಕಾದಂಬರಿಯಲ್ಲಲ್ಲ, 1927ರ ಒಂದು ಸಣ್ಣಕಥೆಯಲ್ಲಿ. ಹೆಣಿಗೆ ಹಾಕುತ್ತಾ ಮೂಲೆಯಲ್ಲಿ ಕೂತ ಮುದುಕಿ, ತನ್ನ ಹಳ್ಳಿಯ ಜನರನ್ನು ನೋಡಿ ನೋಡಿ ಮನುಷ್ಯರ ಕೆಟ್ಟತನವನ್ನು ಅರೆದು ಕುಡಿದವಳು. ಅದಕ್ಕೂ ಮುಂಚೆ, 1891ರಲ್ಲಿ, ಷರ್ಲಾಕ್ ಹೋಮ್ಸ್‌ನನ್ನೇ ಮಣಿಸಿದ ಐರೀನ್ ಆಡ್ಲರ್ ಇದ್ದಳು. ಗಂಡು ವೇಷದಲ್ಲಿ ಅವನ ಮನೆ ಬಾಗಿಲಲ್ಲೇ ಅವನಿಗೆ ಶುಭರಾತ್ರಿ ಹೇಳಿ ಹೋಗುತ್ತಾಳೆ. ದನಿ ಎಲ್ಲೋ ಕೇಳಿದ ಹಾಗಿದೆ ಎನಿಸಿದರೂ ಯಾರೆಂದು ಆ ಮಹಾ ಪತ್ತೇದಾರನಿಗೆ ಹೊಳೆಯುವುದಿಲ್ಲ.

ಈಗ ನಮ್ಮ ಊರಿಗೆ ಬನ್ನಿ. ನಮ್ಮ ಓದಿನ ಗುಂಪಿನ ಹುಡುಗಿಯೊಬ್ಬಳು ಪತ್ತೇದಾರಿ ಕಥೆ ಬರೆದಳು. ಕಥೆಯ ಪತ್ತೇದಾರಿಣಿ ಒಬ್ಬ ಆಶಾ ಕಾರ್ಯಕರ್ತೆ. ಸುಮಾರು 1000 ಜನಕ್ಕೊಬ್ಬರಂತೆ ಇರುವವರು ಇವರು. ಯಾರ ಮನೆಯಲ್ಲಿ ಯಾರಿಗೆ ಎಷ್ಟನೇ ತಿಂಗಳು, ಯಾರಿಗೆ ಬಿಪಿ, ಯಾರು ಮಾತ್ರೆ ತಪ್ಪಿಸುತ್ತಾರೆ, ಎಲ್ಲ ಅವರ ಡೈರಿಯಲ್ಲಿ ಇರುತ್ತದೆ. ಕಥೆಯಲ್ಲಿ ಒಬ್ಬ ಮುದುಕಿ ಸಾಯುತ್ತಾಳೆ. ವಯಸ್ಸಾಗಿತ್ತು, ಹೋದಳು ಎಂದು ಊರು ಮುಂದಿನ ಕೆಲಸಕ್ಕೆ ಇಳಿದಿದೆ. ಆಶಾ ಕಾರ್ಯಕರ್ತೆ ಮಾತ್ರ ಗೂಡಿನಲ್ಲಿದ್ದ ಮಾತ್ರೆಯ ಹಾಳೆ ನೋಡುತ್ತಾಳೆ. ತಾನು ಸೋಮವಾರ ಎಣಿಸಿ ಕೊಟ್ಟದ್ದು ಗುರುವಾರಕ್ಕೆ ಹೇಗೆ ಖಾಲಿಯಾಯಿತು? ಡೈರಿ ತೆಗೆಯುತ್ತಾಳೆ. ಅಲ್ಲಿಂದ ಒಂದೊಂದೇ ಮನೆ, ಒಂದೊಂದೇ ಮಾತು. ಪೊಲೀಸರು ಕೇಳಿದರೆ ಬಾಯಿ ಬಿಡದ ಹೆಂಗಸರು ಇವಳಿಗೆ ಟೀ ಕೊಟ್ಟು ಎಲ್ಲ ಹೇಳುತ್ತಾರೆ.

ಬಹಳ ಒಳ್ಳೆಯ ಕಥೆ. ಅವಳು ಅದನ್ನು ಒಂದು ಪತ್ರಿಕೆಗೆ ಕಳಿಸಿದಳು. ಹೆಸರು ಹೇಳುವುದು ಬೇಡ. ಬಂದ ಉತ್ತರ ಇಷ್ಟೇ: ಭಾಷೆ ಚೆನ್ನಾಗಿದೆ, ಆದರೆ ಪತ್ತೇದಾರಿ ವಸ್ತುವಿಗೆ ನಮ್ಮಲ್ಲಿ ಅವಕಾಶವಿಲ್ಲ, ಹೆಣ್ಣಿನ ಸಂವೇದನೆಯ ಕಥೆ ಇದ್ದರೆ ಕಳಿಸಿ.

ಸ್ವಾಮಿ, ಒಂದು ಮಾತ್ರೆಯ ಹಾಳೆ ನೋಡಿ ಕೊಲೆ ಹಿಡಿಯುವುದು ಹೆಣ್ಣಿನ ಸಂವೇದನೆ ಅಲ್ಲವೇ? ಸಂವೇದನೆ ಎಂದರೆ ಕಣ್ಣೀರೇ ಆಗಬೇಕೇ? ಆ ಉತ್ತರ ಓದಿದ ದಿನದಿಂದ ನನಗೆ ಸಂಕಟ. ನಾವು ಹುಡುಗಿಯರಿಗೆ ಬರೆಯಿರಿ, ಬರೆಯಿರಿ ಎಂದು ಹೇಳುತ್ತೇವೆ. ಬರೆದಾಗ, ಇದಲ್ಲ, ಅಳುವುದನ್ನು ಬರೆಯಿರಿ ಎನ್ನುತ್ತೇವೆ.

ವಿಜ್ಞಾನದ ಕಥೆ ನಮ್ಮ ಹೆಣ್ಣುಮಕ್ಕಳಿಗೆ ಹೊಸದು ಅಂತಲೂ ಹೇಳಬೇಡಿ. ಶಿವನಸಮುದ್ರದ ಕರೆಂಟು ಬಂದು ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು 1905ರ ಆಗಸ್ಟಿನಲ್ಲಿ. ಅದೇ ವರ್ಷ ಮದರಾಸಿನಿಂದ ಹೊರಡುತ್ತಿದ್ದ ಹೆಂಗಸರ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಬಂಗಾಳದ ರುಕಿಯಾ ಸಖಾವತ್ ಹುಸೇನ್ ಒಂದು ಕಥೆ ಪ್ರಕಟಿಸಿದರು. ಹೆಸರು 'ಸುಲ್ತಾನಳ ಕನಸು'. ಆ ಕಥೆಯ ದೇಶದಲ್ಲಿ ಗಂಡಸರು ಪರದೆಯೊಳಗೆ, ಹೆಂಗಸರು ಹೊರಗೆ. ಹೆಂಗಸರ ಎರಡು ವಿಶ್ವವಿದ್ಯಾಲಯಗಳಿವೆ. ಒಂದು ಆಕಾಶದಿಂದ ನೀರು ಎಳೆದುಕೊಳ್ಳುವ ಬಲೂನು ಮಾಡಿದೆ, ಇನ್ನೊಂದು ಬಿಸಿಲಿನ ಶಾಖ ಕೂಡಿಡುವ ಸಾಧನ ಕಂಡುಹಿಡಿದಿದೆ. ಗಂಡಸರು ಆಗ ಇದನ್ನೆಲ್ಲ ಗೇಲಿ ಮಾಡುತ್ತಾ ಸೈನ್ಯ ಬೆಳೆಸುತ್ತಿದ್ದರು. ಶತ್ರು ನುಗ್ಗಿ ಬಂದಾಗ ಅವರ ಸೈನ್ಯ ಸೋತಿತು. ಆಮೇಲೆ ಹೆಂಗಸರು ಕೂಡಿಟ್ಟ ಬಿಸಿಲನ್ನು ಶತ್ರುವಿನ ಮೇಲೆ ತಿರುಗಿಸಿ ಓಡಿಸಿದರು. ಗಂಡಸರು ಒಳಗೆ ಹೋದವರು ಮತ್ತೆ ಹೊರಗೆ ಬರಲೇ ಇಲ್ಲ. ಬರೆದಾಕೆಗೆ ಆಗ ವಯಸ್ಸು ಇಪ್ಪತ್ತೈದರ ಆಸುಪಾಸು. ಸೋಲಾರ್ ಎಂಬ ಮಾತೇ ನಮ್ಮ ಕಿವಿಗೆ ಬೀಳದ ಕಾಲ ಅದು. ನಮ್ಮ ಪಾವಗಡದ ಬಯಲಲ್ಲಿ ಸೋಲಾರ್ ಹಲಗೆಗಳ ಸಾಲು ಕಂಡಾಗಲೆಲ್ಲ ನನಗೆ ಆ ಕಥೆ ನೆನಪಾಗುತ್ತದೆ. ಇಂಥ ಕಥೆ ಹುಡುಗಿಯರ ಕೈಗೆ ಸಿಗಬೇಕೋ ಬೇಡವೋ?

1934ರ ಅಕ್ಟೋಬರಿನಲ್ಲಿ ಅಮೆರಿಕದ ಒಂದು ಅದ್ಭುತ ಕಥೆಗಳ ಪತ್ರಿಕೆಯಲ್ಲಿ ಸಿ.ಎಲ್. ಮೂರ್ ಎಂಬ ಲೇಖಕಿ ಜಿರೆಲ್ ಎಂಬವಳ ಕಥೆ ಬರೆದಳು. ಕೋಟೆ ಗೆದ್ದವನ ಮುಂದೆ ಸೆರೆಸಿಕ್ಕ ದಳಪತಿಯನ್ನು ತಂದು ನಿಲ್ಲಿಸುತ್ತಾರೆ. ಶಿರಸ್ತ್ರಾಣ ತೆಗೆದರೆ ಕೆಂಪು ಕೂದಲಿನ, ಉರಿಗಣ್ಣಿನ ಹೆಂಗಸು. ಒನಕೆ ಓಬವ್ವನನ್ನು, ಕೆಳದಿ ಚೆನ್ನಮ್ಮನನ್ನು, ಉಳ್ಳಾಲದ ಅಬ್ಬಕ್ಕನನ್ನು ಹೊಂದಿದ ನಾಡಿನಲ್ಲಿ ಇಂಥ ಕಥೆ ಬರೆಯುವುದು ಕಷ್ಟವೇ? ಅವರ ಮೂರ್ತಿ ನಿಲ್ಲಿಸುತ್ತೇವೆ, ಜಯಂತಿ ಮಾಡುತ್ತೇವೆ. ಅವರಂಥ ಒಬ್ಬಳನ್ನು ಕಲ್ಪಿಸಿ ಹೊಸ ಕಥೆ ಕಟ್ಟುವುದಕ್ಕೆ ಮಾತ್ರ ಕೈ ಹೋಗುವುದಿಲ್ಲ.

ದೆವ್ವದ ಕಥೆಯ ವಿಷಯಕ್ಕೆ ನನಗೆ ಸ್ವಲ್ಪ ಸಿಟ್ಟೇ ಇದೆ. ನಮ್ಮ ಊರುಗಳಲ್ಲಿ ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆದು ಹೆಣ್ಣು ದೆವ್ವವನ್ನು ವಾಪಸ್ ಕಳಿಸುತ್ತಿದ್ದ ಕಾಲ ನಮಗೆಲ್ಲ ನೆನಪಿದೆ. ಊರಿಗೆ ಊರೇ ಒಬ್ಬಳಿಗೆ ಹೆದರಿದೆ. ಆದರೆ ಅವಳು ಯಾರು, ಬದುಕಿದ್ದಾಗ ಏನಾಗಿದ್ದಳು, ಯಾಕೆ ಬಾಗಿಲು ತಟ್ಟುತ್ತಾಳೆ ಎಂದು ಕೇಳುವ ಕಥೆಗಳು ಎಷ್ಟು? ಬದುಕಿದ್ದಾಗ ಬಾಯಿ ಇಲ್ಲದವಳು, ಸತ್ತ ಮೇಲೆ ಮಾತ್ರ ಹೆದರಿಸುವವಳು. ಇದೇ ಅಚ್ಚಿನಲ್ಲಿ ಇನ್ನೆಷ್ಟು ಕಾಲ ಎರಕ ಹೊಯ್ಯುವುದು? ಇಂಗ್ಲಿಷ್ ಲೇಖಕಿ ಆಂಜೆಲಾ ಕಾರ್ಟರ್ 1979ರಲ್ಲಿ ಹಳೆಯ ಕಥೆಯೊಂದನ್ನು ತಿರುಗಿಸಿ ಬರೆದಳು. ಹೆಂಡತಿಯರನ್ನು ಒಬ್ಬೊಬ್ಬರಾಗಿ ಕೊಂದ ಸಾಹುಕಾರ ಹೊಸ ಹೆಂಡತಿಯ ತಲೆ ಕಡಿಯಲು ಕತ್ತಿ ಎತ್ತಿದ್ದಾನೆ. ಆಗ ಕುದುರೆ ಏರಿ ಬರುವುದು ರಾಜಕುಮಾರನಲ್ಲ, ಹುಡುಗಿಯ ತಾಯಿ. ಸತ್ತ ಗಂಡನ ರಿವಾಲ್ವರ್ ಕೈಯಲ್ಲಿ. ಹಿಂದೊಮ್ಮೆ ಹುಲಿ ಹೊಡೆದವಳು, ಗುರಿ ತಪ್ಪುವುದಿಲ್ಲ. ಇದನ್ನು ಕನ್ನಡದಲ್ಲಿ ಹೇಳಿದಾಗ ನಮ್ಮ ಹುಡುಗಿಯರು ಚಪ್ಪಾಳೆ ಹೊಡೆದರು. ಅಮ್ಮ ಬಂದಳು ಎನ್ನುವುದಕ್ಕೇ ಆ ಚಪ್ಪಾಳೆ.

ಗಟ್ಟಿಗಿತ್ತಿ ಒಳ್ಳೆಯವಳೇ ಆಗಿರಬೇಕು ಎಂಬ ನಿಯಮವನ್ನೂ ದಯವಿಟ್ಟು ಕೈಬಿಡಿ. 1953ರ ರೋಲ್ಡ್ ಡಾಲ್ ಕಥೆಯೊಂದರಲ್ಲಿ ಬಸುರಿ ಹೆಂಡತಿಯೊಬ್ಬಳು, ಬಿಟ್ಟು ಹೋಗುತ್ತೇನೆಂದ ಪೊಲೀಸ್ ಗಂಡನನ್ನು ಹೆಪ್ಪುಗಟ್ಟಿದ ಕುರಿಯ ತೊಡೆಯಿಂದ ಹೊಡೆದು ಕೊಲ್ಲುತ್ತಾಳೆ. ಆಮೇಲೆ ಅದನ್ನೇ ಬೇಯಿಸಿ ತನಿಖೆಗೆ ಬಂದ ಪೊಲೀಸರಿಗೆ ಬಡಿಸುತ್ತಾಳೆ. ಮಾಡಿದ್ದು ಕೊಲೆ. ಆದರೂ ಓದುಗ ಅವಳ ಮೇಲಿನ ಕಣ್ಣು ತೆಗೆಯಲಾರ. ವಿಜ್ಞಾನ ಕಥೆಗಾರ ಅಸಿಮೋವ್ 1941ರಿಂದ ಬರೆದ ರೋಬಾಟ್ ಕಥೆಗಳ ಸೂಸನ್ ಕ್ಯಾಲ್ವಿನ್ ನಗುವುದೇ ಕಡಿಮೆ, ಯಾರಿಗೂ ಹಿತವಾದವಳಲ್ಲ. ತನ್ನ ಮನಸ್ಸಿಗೆ ಹಿತವಾಗುವ ಸುಳ್ಳು ಹೇಳಿದ ರೋಬಾಟನ್ನು ಮಾತಿನಲ್ಲೇ ಹುಚ್ಚು ಹಿಡಿಸಿ ಕೆಡವುತ್ತಾಳೆ. ನಮ್ಮ ಅಜ್ಜಿಯರ ಕಥೆಯ ಜಾಣ ಸೊಸೆ ಅತ್ತೆಗೂ ಕಳ್ಳರಿಗೂ ಒಟ್ಟಿಗೆ ಬುದ್ಧಿ ಕಲಿಸುತ್ತಿದ್ದಳು. ಅವಳು ಸಾಧ್ವಿಯೋ ಅಲ್ಲವೋ ಎಂದು ಅಜ್ಜಿ ಚಿಂತೆ ಮಾಡಲಿಲ್ಲ. ನಾವೇ ಎಲ್ಲೋ ಆಮೇಲೆ ಸೊಸೆಯನ್ನು ಸಪ್ಪೆ ಮಾಡಿಬಿಟ್ಟೆವು.

ಇಷ್ಟೆಲ್ಲ ಹೇಳಿ ಬಂಗಾಳಿ ಲೇಖಕಿ ಮಹಾಶ್ವೇತಾ ದೇವಿಯವರ ಕಥೆಯ ದೋಪ್ದಿ ಮೇಝೆನ್‌ಳನ್ನು ಹೇಳದೆ ಇರಲಾರೆ. ಸಂತಾಲ ಹೆಂಗಸು, ಸೈನ್ಯ ಹುಡುಕುತ್ತಿರುವವಳು. ಸಿಕ್ಕಿಬೀಳುತ್ತಾಳೆ. ರಾತ್ರಿ ಇಡೀ ಅವಳ ಮೇಲೆ ನಡೆಯಬಾರದ್ದು ನಡೆಯುತ್ತದೆ. ಬೆಳಗ್ಗೆ ಬಟ್ಟೆ ಕೊಟ್ಟು ಸೇನಾನಾಯಕನ ಮುಂದೆ ಬಾ ಎನ್ನುತ್ತಾರೆ. ಅವಳು ಬಟ್ಟೆ ಹರಿದು ಎಸೆದು, ಗಾಯದ ಮೈಯಲ್ಲಿ ಹಾಗೇ ನಡೆದು ಬರುತ್ತಾಳೆ. ಆ ಓದಿಕೊಂಡ, ಎಲ್ಲ ಬಲ್ಲ ಅಧಿಕಾರಿ ಆಯುಧವೇ ಇಲ್ಲದ ಒಬ್ಬಳ ಮುಂದೆ ನಿಲ್ಲಲು ಮೊದಲ ಸಲ ಹೆದರುತ್ತಾನೆ. ಇದನ್ನು ನಾನು ಹುಡುಗಿಯರಿಗೆ ಇನ್ನೂ ಓದಿಸಿಲ್ಲ, ಸ್ವಲ್ಪ ದೊಡ್ಡವರಾಗಲಿ. ಆದರೆ ನೀವು ಓದಬೇಕು. ನೋವಿನ ಕಥೆಯನ್ನೂ ಹೀಗೆ ಬರೆಯಬಹುದು. ಅಲ್ಲಿ ತಲೆ ತಗ್ಗಿಸುವವರು ಬೇರೆಯವರು.

ಇನ್ನು ನನ್ನ ಬೇಡಿಕೆ. ಸ್ಪರ್ಧೆಯ ಪ್ರಕಟಣೆಯಲ್ಲಿ ಒಂದು ಸಾಲು ಸೇರಿಸಿ: ಪತ್ತೇದಾರಿ, ವಿಜ್ಞಾನ, ಭೂತಪ್ರೇತ, ಚರಿತ್ರೆ, ನಗೆ, ಯಾವ ಬಗೆಯ ಕಥೆಯಾದರೂ ಕಳಿಸಬಹುದು, ಎಲ್ಲಕ್ಕೂ ಒಂದೇ ತಕ್ಕಡಿ. ಆ ಒಂದು ಸಾಲು ಓದಿ ಎಷ್ಟು ಹುಡುಗಿಯರು ಧೈರ್ಯ ಮಾಡುತ್ತಾರೋ ನೋಡಿ. ತೀರ್ಪುಗಾರರಲ್ಲಿ ಇಂಥ ಕಥೆಗಳನ್ನು ಪ್ರೀತಿಯಿಂದ ಓದುವವರು ಒಬ್ಬರಾದರೂ ಇರಲಿ. ಪ್ರತಿ ವಿಶೇಷಾಂಕದಲ್ಲಿ ಒಂದು ಅನುವಾದದ ಕಥೆ ಹಾಕಿ, ಬಂಗಾಳಿಯದೋ ಮರಾಠಿಯದೋ ಇಂಗ್ಲಿಷಿನದೋ. ನಾನು ಹೇಳಿದ ಕಥೆಗಳಲ್ಲಿ ಎಷ್ಟನ್ನೋ ಹುಡುಗಿಯರಿಗೆ ನಾನೇ ಬಾಯಲ್ಲಿ ಕನ್ನಡ ಮಾಡಿ ಹೇಳಬೇಕಾಯಿತು. ಹಳ್ಳಿಯ ಲೈಬ್ರರಿಗೆ ಬರುವ ಮಗುವಿಗೆ ಅದು ಅಚ್ಚಿನಲ್ಲಿ ಸಿಗಬೇಕು. ಮತ್ತೆ, ಕಲಾವಿದರಿಗೆ ಕಥೆ ಪೂರ್ತಿ ಓದಲು ಕೊಡಿ. ಗಟ್ಟಿಗಿತ್ತಿಯ ಮುಖ ನಮಗೆ ಎದುರಿನಿಂದ ಕಾಣಲಿ.

ಆಶಾ ಕಾರ್ಯಕರ್ತೆಯ ಕಥೆಯನ್ನು ಆ ಹುಡುಗಿ ತಿದ್ದಿದ್ದಾಳೆ. ನಡುವೆ ಒಂದು ಪುಟ ಜಾಸ್ತಿ ಇತ್ತು, ತೆಗೆದಿದ್ದಾಳೆ. ಕಣ್ಣೀರು ಸೇರಿಸಿಲ್ಲ, ಸೇರಿಸಬೇಡ ಎಂದು ನಾನೇ ಹೇಳಿದೆ. ಈ ಸಲ ಅದು ನಿಮ್ಮೆಲ್ಲರ ಮೇಲ್‌ಗೆ ಬರುವುದಿಲ್ಲ, ಸ್ಪರ್ಧೆಯ ನಿಯಮ ಅವಳಿಗೆ ಗೊತ್ತು. ನಿಮ್ಮಲ್ಲಿ ಯಾರೋ ಒಬ್ಬರಿಗೆ ಬರುತ್ತದೆ. ಯಾರಿಗೆ ಬಂದರೂ ಕೊನೆಯ ಪುಟದವರೆಗೆ ಓದಿ. ಹಿಡಿಸದಿದ್ದರೆ ಯಾಕೆ ಹಿಡಿಸಲಿಲ್ಲ ಎಂದು ಎರಡು ಸಾಲು ಬರೆಯಿರಿ, ಅವಳು ಮತ್ತೆ ಬರೆಯುತ್ತಾಳೆ.

ಇತಿ,
ನಿಮ್ಮ ವಿಶೇಷಾಂಕಗಳ ಹಳೆಯ ಓದುಗಾರ್ತಿ